ಬತ್ತೀನಿ ಅಂದ್ನೋ ಇಲ್ವೋ

ಹೊಸ್ತಿಲಿನ ಪಕ್ಕ ಬಿಟ್ಟಿದ್ದ ಒಂದು ಜೊತೆ ಗಂಡಸರ ಬೂಟು. ಮನೆಯ ಹೆಂಗಸು ಮಂಡಿಯೂರಿ ಕೂತು, ಅವನ್ನು ಎರಡೂ ಕೈಯಿಂದ ಎತ್ತಿ, ಮೂತಿ ಬೀದಿಯ ಕಡೆಗೆ ಬರುವಂತೆ ತಿರುಗಿಸಿ ಇಟ್ಟಳು. ಟೀವಿಯಲ್ಲಿ ನಡೆದದ್ದು ಇಷ್ಟೇ. ಮಾತಿಲ್ಲ, ಹಿಂದಿನಿಂದ ವಾದ್ಯವೂ ಇಲ್ಲ. ನನಗೆ ಮಾತ್ರ ಕೂತಲ್ಲಿ ಕೂರಲು ಆಗಲಿಲ್ಲ. ಎದ್ದು ಅಡುಗೆಮನೆಗೆ ಹೋದೆ, ಬಾಯಾರಿಕೆ ಇಲ್ಲದಿದ್ದರೂ ಲೋಟಕ್ಕೆ ನೀರು ಬಗ್ಗಿಸಿದೆ, ಅದನ್ನು ಅಲ್ಲೇ ಬಿಟ್ಟು ಮತ್ತೆ ಹಾಲಿಗೆ ಬಂದೆ. "ಅಜ್ಜಿ, ಒಂದು ಕಡೆ ಕೂತ್ಕೋ. ನೀನು ಎದ್ದಾಗಲೆಲ್ಲ ನಾನು ನಿಲ್ಲಿಸಬೇಕಾಗತ್ತೆ," ಅಂದಳು ಮೊಮ್ಮಗಳು. ಅವಳಿಗೇನು ಗೊತ್ತು. ನನ್ನ ಕಣ್ಣಿಗೆ ಬಂದದ್ದು ಆ ಬೂಟಲ್ಲ. ಗುತ್ತಲಿನ ನಮ್ಮ ಎದುರುಮನೆ ಅಕ್ಕನ ಹೊಸ್ತಿಲಲ್ಲಿ ವರ್ಷಗಟ್ಟಲೆ ಇದ್ದ ಒಂದು ಜೊತೆ ಮೆಟ್ಟು. ಬೆಳಿಗ್ಗೆ ಬಾಗಿಲು ಸಾರಿಸುವಾಗ ಅವಳು ಅದನ್ನು ಎತ್ತಿ, ಧೂಳು ಕೊಡವಿ, ಮೂತಿ ಮನೆಯ ಒಳಕ್ಕೆ ಬರುವಂತೆ ಇಡುತ್ತಿದ್ದಳು. ಟೀವಿಯವಳು ಹೊರಡುವವನಿಗೆ ಅನುಕೂಲ ಮಾಡಿಕೊಟ್ಟಳು. ನಮ್ಮ ಅಕ್ಕ ಬರುವವನಿಗೆ...

ಈ ಜಪಾನಿನ ಧಾರಾವಾಹಿಗಳ ಹುಚ್ಚು ನನಗೆ ಹತ್ತಿಸಿದವಳು ಮೊಮ್ಮಗಳೇ. ಅವಳು ಆ ಭಾಷೆ ಕಲಿಯುತ್ತಿದ್ದಾಳೆ, ಕಿವಿಗೆ ಬೀಳುತ್ತಿರಲಿ ಅಂತ ಸಂಜೆಯೆಲ್ಲ ಅದನ್ನೇ ಹಾಕುತ್ತಾಳೆ. ಕೆಳಗಡೆ ಇಂಗ್ಲಿಷಿನಲ್ಲಿ ಅಕ್ಷರ ಬರುತ್ತದೆ. ನಾನು ಮೇಷ್ಟ್ರ ಮಗಳು, ಕನ್ನಡಕ ಇದ್ದರೆ ಓದಿಕೊಳ್ಳುತ್ತೇನೆ. ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು. ಆ ಹುಡುಗಿಗೆ ಆ ಹುಡುಗನ ಮೇಲೆ ಮನಸ್ಸಿದೆ ಅನ್ನುವುದು ಮೊದಲ ದಿನವೇ ನನಗೆ ಗೊತ್ತಾಗುತ್ತದೆ, ಅವರ ಬೀದಿಯ ನಾಯಿಗೂ ಗೊತ್ತಾಗುತ್ತದೆ. ಅವರಿಬ್ಬರಿಗೆ ಮಾತ್ರ ಕಥೆ ಮುಗಿಯುವವರೆಗೆ ಬಾಯಿ ಬರುವುದಿಲ್ಲ. ಸ್ಟೇಷನ್ನಿನಲ್ಲಿ ಎದುರುಬದುರು ನಿಲ್ಲುತ್ತಾರೆ, ಸೊಂಟ ಬಗ್ಗಿಸುತ್ತಾರೆ, ರೈಲು ಹೊರಟು ಹೋಗುತ್ತದೆ. "ಹೇಳಿ ಸಾಯೇ" ಅಂತ ನಾನು ಟೀವಿಗೇ ಬೈಯುತ್ತೇನೆ.

ಆದರೂ ನೋಡುತ್ತೇನೆ. ನಮ್ಮ ಧಾರಾವಾಹಿಗಳ ಹಾಗೆ ಅತ್ತೆ ಕಣ್ಣು ಬಿಟ್ಟಾಗಲೆಲ್ಲ ಗುಡುಗು ಸಿಡಿಲು ಹೊಡೆಯುವುದಿಲ್ಲ, ಅದೊಂದು ಪುಣ್ಯ. ಅತ್ತೆ ಅಲ್ಲಿಯೂ ಅತ್ತೆಯೇ. ಆದರೆ ಬೈಯಬೇಕಾದ್ದನ್ನೆಲ್ಲ ಸೊಸೆ ಹೆಚ್ಚಿಟ್ಟ ಮೂಲಂಗಿಯನ್ನು ನೋಡಿಯೇ ಬೈದುಬಿಡುತ್ತಾಳೆ. ಚಪ್ಪಲಿ ಬಾಗಿಲಲ್ಲೇ ಬಿಡುತ್ತಾರೆ, ನೆಲದ ಮೇಲೆ ಕೂತು ಉಣ್ಣುತ್ತಾರೆ, ಮನೆಯಲ್ಲಿ ಸತ್ತವರ ಪಟಕ್ಕೆ ಅನ್ನ ಇಟ್ಟು ಕೈಮುಗಿಯುತ್ತಾರೆ. ನೋಡುತ್ತ ನೋಡುತ್ತ ನನಗೆ ಬೇಕಾದವರಾಗಿಬಿಟ್ಟರು. ಬೇಕಾದವರಾದರಲ್ಲ ಅನ್ನುವುದೇ ಒಂದು ಕಸಿವಿಸಿ. ನಾನು ಚಿಕ್ಕವಳಿದ್ದಾಗ ಜಪಾನಿನವರು ಬಂದರು ಅಂದರೆ ಗುತ್ತಲಿನ ಮಕ್ಕಳು ಹಠ ನಿಲ್ಲಿಸುತ್ತಿದ್ದವು. ಅಕ್ಕನ ಮನೆಯಲ್ಲಿ ಆ ದೇಶದ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ಅಪ್ಪ ಮಂಡ್ಯದ ಸ್ಕೂಲಿನಲ್ಲಿ ಮೇಷ್ಟ್ರು. ಬಾಡಿಗೆ ಸಲೀಸು ಅಂತ ಗುತ್ತಲಿನಲ್ಲಿ ಮನೆ ಹಿಡಿದಿದ್ದರು. ಆಗ ಅದು ಪೇಟೆಗೆ ಸೇರಿರಲಿಲ್ಲ, ಕಬ್ಬಿನ ಗದ್ದೆಗಳ ನಡುವಿನ ಹಳ್ಳಿ. ಎದುರಿಗೆ ಒಂದು ಒಕ್ಕಲು ಮನೆ, ಅದರ ಹಿರೀಸೊಸೆಯೇ ಅಕ್ಕ. ನನಗಿಂತ ಆರೇಳು ವರ್ಷ ದೊಡ್ಡವಳು. ನಮಗೆ ಹಾಲು ತಂದು ಕೊಡುತ್ತಿದ್ದಳು. ಒಂದು ಗಳಿಗೆ ಕೂತವಳಲ್ಲ. ಅಮ್ಮ ಮಣೆ ಹಾಕಿದರೆ, "ಕುಂತ್ರೆ ಕಾಲು ಜೋಮು ಇಡೀತದೆ ಮೇಷ್ಟ್ರಮ್ಮ" ಅಂತ ನಿಂತೇ ಮಾತಾಡುತ್ತ, ನಿಂತೇ ನಮ್ಮ ಮೊರದ ಅಕ್ಕಿಯನ್ನೂ ಆರಿಸಿ ಕೊಟ್ಟು ಹೋಗುತ್ತಿದ್ದಳು. ಅವಳ ಗಂಡನನ್ನು ನಾನು ಭಾವ ಅನ್ನುತ್ತಿದ್ದೆ. ಭಾವ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಲಾರಿ ಓಡಿಸುತ್ತಿದ್ದರು. ನಮ್ಮ ಬೀದಿಯ ತಿರುವಿಗೆ ಬಂದಾಗ ಸುಮ್ಮಸುಮ್ಮನೆ ಹಾರನ್ ಒತ್ತುತ್ತಿದ್ದರು. ಒಲೆಯ ಮುಂದಿದ್ದ ಅಕ್ಕ ಬಾಗಿಲಿಗೆ ಓಡಿ ಬಂದು, "ಯಾರ್ ಸತ್ರು ಅಂತ ಬಡ್ಕೊತೀಯ!" ಅಂತ ಬೈದು ನಗುತ್ತಿದ್ದಳು.

ಯುದ್ಧ ಶುರುವಾದ ಮೇಲೆ ಲಾರಿ ಓಡಿಸಲು ಬರುವವರು ಬೇಕು ಅಂತ ಮಿಲಿಟರಿಯವರು ಮಂಡ್ಯಕ್ಕೆ ಬಂದರು. ಭಾವ ಮನೆಯಲ್ಲಿ ಒಬ್ಬರಿಗೂ ಹೇಳದೆ ಹೆಸರು ಕೊಟ್ಟು ಬಂದುಬಿಟ್ಟರು. ಅಕ್ಕ ಮಾತು ಬಿಟ್ಟಳು. ಹೊರಡುವ ದಿನ ಬಂದರೂ ಮಾತಾಡಲಿಲ್ಲ. ಬುತ್ತಿ ಕಟ್ಟಿದಳು, ಅಂಗಿ ಮಡಿಸಿ ಕೊಟ್ಟಳು, ಬಾಗಿಲ ತೋಳಿಗೆ ಒರಗಿ ಮುಖ ತಿರುಗಿಸಿ ನಿಂತಳು.

ನಮ್ಮ ಕಡೆ ಮನೆ ಬಿಟ್ಟು ಹೊರಡುವವರು ಹೋಗುತ್ತೇನೆ ಅನ್ನಬಾರದು. ಮೂಲೆಯ ಅಂಗಡಿಗೆ ಹೊರಟವರೂ ಬರುತ್ತೇನೆ ಅಂತಲೇ ಹೇಳಬೇಕು. ಬಾಯಿ ತಪ್ಪಿ ಬೇರೆ ಅಂದರೆ ಮನೆಯಲ್ಲಿದ್ದವರು ತಿದ್ದುತ್ತಾರೆ, ಹೊರಟವರು ನಿಂತು ಸರಿಯಾಗಿ ಅಂದು ಹೋಗುತ್ತಾರೆ. ಭಾವ ಟ್ರಂಕು ಹೆಗಲಿಗೇರಿಸಿ ಹೊಸ್ತಿಲು ದಾಟಿದವರು, ಹೆಂಡತಿಯ ಮೇಲಿನ ಮುನಿಸಿಗೋ ಏನೋ, "ಓಯ್ತೀನಿ" ಅಂದುಬಿಟ್ಟರು. ತಿದ್ದಬೇಕಾದವಳು ಮಾತು ಬಿಟ್ಟು ನಿಂತಿದ್ದಳು. ಒಳಗಿನಿಂದ ಭಾವನ ತಾಯಿ ಕೂಗಿಕೊಂಡರು: "ಏನ್ಲಾ ಅದು ಬಾಯಲ್ಲಿ! ಬತ್ತೀನಿ ಅನ್ಲಾ!"

ಭಾವ ಬೀದಿಯ ತಿರುವಿನಲ್ಲಿ ನಿಂತು ಹಿಂದಿರುಗಿ ನೋಡಿದರು. ತುಟಿ ಅಲ್ಲಾಡಿತು. ಅದೇ ಹೊತ್ತಿಗೆ ಕಾರ್ಖಾನೆಯ ಸೈರನ್ನು ಕೂಗಿತು. ನಾನು ನಮ್ಮ ಜಗುಲಿಯ ಮೇಲೆ ನಿಂತಿದ್ದೆ, ನನಗೂ ಕೇಳಿಸಲಿಲ್ಲ. ಸೈರನ್ನು ನಿಲ್ಲುವ ಹೊತ್ತಿಗೆ ತಿರುವಿನಲ್ಲಿ ಯಾರೂ ಇರಲಿಲ್ಲ. "ಬತ್ತೀನಿ ಅಂದ. ನಂಗೆ ಕೇಳುಸ್ತು," ಅಂದಳು ಅಕ್ಕ. ಅವಳ ಅತ್ತೆ, "ಎಲ್ಲಂದ? ಬೀಡಿ ಕಚ್ಕಂಡ ಅಷ್ಟೆ," ಅಂದರು. ಆವತ್ತು ಹುಟ್ಟಿದ ಜಗಳ ಆ ಮನೆಯಲ್ಲಿ ವರ್ಷಗಟ್ಟಲೆ ಆರಲಿಲ್ಲ.

ಮೊದಮೊದಲು ಕಾಗದ ಬರುತ್ತಿತ್ತು, ಮಲಯಾ ದೇಶದಿಂದ. ಅಪ್ಪ ಓದಿ ಹೇಳುತ್ತಿದ್ದರು. ಜಪಾನಿನವರು ಸಿಂಗಾಪುರ ಹಿಡಿದ ಮೇಲೆ ನಿಂತುಹೋಯಿತು. ಆಮೇಲೆ ಸರ್ಕಾರದಿಂದ ಇಂಗ್ಲಿಷಿನ ಒಂದು ಚೂರು ಕಾಗದ ಬಂತು. ಪತ್ತೆಯಿಲ್ಲ ಅಂತ ಬರೆದಿದೆ ಅಂದರು ಅಪ್ಪ. ಸತ್ತ ಅಂತಲಾ, ಬದುಕಿದ್ದಾನೆ ಅಂತಲಾ ಅಂತ ಅತ್ತೆ ಸೊಸೆ ಇಬ್ಬರೂ ಒಟ್ಟಿಗೇ ಕೇಳಿದರು. ಎರಡೂ ಅಲ್ಲ ಅಂದರು ಅಪ್ಪ.

ಆಗ ಮಂಡ್ಯಕ್ಕೆ ಟೆಂಟು ಸಿನಿಮಾ ಬರುತ್ತಿತ್ತು. ಚಿತ್ರಕ್ಕೆ ಮುಂಚೆ ಯುದ್ಧದ ವಾರ್ತೆ ತೋರಿಸುತ್ತಿದ್ದರು. ಅಕ್ಕನಿಗೆ ಚಿತ್ರ ಬೇಕಾಗಿರಲಿಲ್ಲ. ನನ್ನನ್ನೂ ಅಮ್ಮನನ್ನೂ ಹೊರಡಿಸಿಕೊಂಡು ಹೋಗಿ ಮುಂದುಗಡೆ ಮರಳಿನಲ್ಲೇ ಜಾಗ ಹಿಡಿಯುತ್ತಿದ್ದಳು. ಸಿಪಾಯಿಗಳ ಸಾಲು ಕಾಣಿಸಿದ ಕೂಡಲೆ ಎದ್ದು ನಿಂತುಬಿಡುತ್ತಿದ್ದಳು. "ಕುಂತ್ಕಳಮ್ಮೋ! ನಿನ್ ತಲೆ ಏನು ಗಾಜಾ?" ಅಂತ ಹಿಂದಿನಿಂದ ಕೂಗು. ಅಕ್ಕ ತೆರೆಯಿಂದ ಕಣ್ಣು ಕೀಳದೆ, "ಒಸಿ ತಡ್ಕಳ್ರಪ್ಪ, ನಮ್ಮೋರ್ನ ಉಡುಕ್ತಾ ಇವ್ನಿ," ಅಂದಳು. ಆಮೇಲೆ ಅವಳು ನಿಂತರೆ ಯಾರೂ ಏನೂ ಅನ್ನುತ್ತಿರಲಿಲ್ಲ. ವಾರ್ತೆ ಮುಗಿದು ನಿಜವಾದ ಚಿತ್ರ ಶುರುವಾಗುವ ಹೊತ್ತಿಗೆ, "ಏಳಮ್ಮಣ್ಣಿ, ಓಗನ," ಅಂತ ನನ್ನ ಕೈ ಎಳೆಯುತ್ತಿದ್ದಳು. ನನಗೆ ಅಳುವೇ ಬರುತ್ತಿತ್ತು. ಒಂದು ಚಿತ್ರದ ಕಥೆಯೂ ನಾನು ಪೂರ್ತಿ ನೋಡಲಿಲ್ಲ.

ಒಂದು ಸಲ ಸೆರೆಸಿಕ್ಕ ಜಪಾನಿ ಸಿಪಾಯಿಗಳನ್ನು ತೋರಿಸಿದರು. ನೆಲದ ಮೇಲೆ ಸಾಲಾಗಿ ಕೂತಿದ್ದರು, ತಲೆ ತಗ್ಗಿಸಿಕೊಂಡು. ಗೋಡೆಯ ಮೇಲೆ ಅಂಟಿಸುತ್ತಿದ್ದ ಚಿತ್ರಗಳಲ್ಲಿ ಅವರಿಗೆ ಕೋರೆಹಲ್ಲು ಬರೆದಿರುತ್ತಿದ್ದರು. ಇಲ್ಲಿ ನೋಡಿದರೆ ಬಡಕಲು ಹುಡುಗರು. ಆವತ್ತು ಅಕ್ಕ ಗಂಡನನ್ನು ಹುಡುಕಲಿಲ್ಲ, ಅವರ ಮುಖಗಳನ್ನೇ ನೋಡಿದಳು. ಗದ್ದೆಯ ಬದುವಿನ ಮೇಲೆ ವಾಪಸು ಬರುವಾಗ ಸರಸರ ನಡೆಯುತ್ತಿದ್ದವಳು ತಟಕ್ಕನೆ ನಿಂತು ಕೇಳಿದಳು: "ಅಮ್ಮಣ್ಣಿ, ನೀನು ಓದ್ದೋಳು. ಆ ಮೊಕ ನೋಡುದ್ರೆ ಉಣ್ಣಕ್ಕಿಕ್ಕೋ ಜನ ಅನ್ನುಸ್ತದಾ?"

ಈಗ ಧಾರಾವಾಹಿಯಲ್ಲಿ ಸಿಟ್ಟು ಬಂದ ಹೆಂಡತಿಯೂ ಬಟ್ಟಲಿಗೆ ಅನ್ನ ತುಂಬಿ ಎರಡು ಕೈಯಲ್ಲಿ ನೀಡುವುದನ್ನು ಕಂಡಾಗಲೆಲ್ಲ ಆ ಪ್ರಶ್ನೆ ಎದೆಗೆ ಬಂದು ಕೂರುತ್ತದೆ. ಇಕ್ಕುವ ಜನವೇ ಅಕ್ಕಾ, ತಮ್ಮ ಮನೆಯವರಿಗಂತೂ ಇಕ್ಕುತ್ತಾರೆ. ಸೆರೆಯಾಳಿಗೆ ಇಕ್ಕಿದರೋ ಇಲ್ಲವೋ, ಅದನ್ನು ಯಾವ ಧಾರಾವಾಹಿಯೂ ತೋರಿಸುವುದಿಲ್ಲ.

ಯುದ್ಧ ಮುಗಿಯಿತು. ಅಲ್ಲೊಬ್ಬ ಇಲ್ಲೊಬ್ಬ ವಾಪಸು ಬಂದ ಸುದ್ದಿ. ಭಾವ ಬರಲಿಲ್ಲ. ಆ ಮನೆಯಲ್ಲಿ ಈಗ ಪಿತೃಪಕ್ಷದ ಮಾತು ಎದ್ದಿತು. ಅವರಲ್ಲಿ ಪಕ್ಷದ ದಿನ ತೀರಿಕೊಂಡ ಹಿರಿಯರ ಬಟ್ಟೆ ಒಗೆದು ಮಡಿಸಿಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಅಟ್ಟು, ಎಲೆಯಲ್ಲಿ ಎಡೆ ಇಡುತ್ತಾರೆ. ಯಾರ ಬಟ್ಟೆ ಅಲ್ಲಿ ಬಂತೋ ಅವರು ಸತ್ತವರ ಲೆಕ್ಕ. ಮಗನ ಅಂಗಿಯನ್ನು ಈ ಸಲ ಇಡಬೇಕು ಅಂತ ಅತ್ತೆ. ಇಡಕೂಡದು ಅಂತ ಸೊಸೆ. ಅತ್ತೆ ಕೆಟ್ಟವರಲ್ಲ. ಹಿತ್ತಿಲ ಬಾಗಿಲಿನಿಂದ ನಮ್ಮ ಮನೆಗೆ ಬಂದು ಅಮ್ಮನ ಮುಂದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು: "ನನ್ ಮಗ ಅಸ್ಕಂಡು ಅಲೀತಾವ್ನೆ ಮೇಷ್ಟ್ರಮ್ಮ. ಎಲ್ರುಗೂ ಎಡೆ ಅದೆ, ಅವ್ನೊಬ್ನಿಗಿಲ್ಲ. ಇಕ್ಕಕ್ಕೆ ಬುಡಕ್ಕಿಲ್ವಲ್ಲ ಇವ್ಳು."

ಅವರು ಹೋದ ಮೇಲೆ ಅಕ್ಕ ಬರುತ್ತಿದ್ದಳು. "ಬದ್ಕಿರೋನ್ಗೆ ಎಡೆ ಇಕ್ಕುದ್ರೆ ನಾವೇ ಕೊಂದಂಗಲ್ವಾ? ನೀವೇ ಏಳಿ." ಅಮ್ಮ ಅವರಿಗೂ ಹೌದು ಅನ್ನುತ್ತಿದ್ದರು, ಇವಳಿಗೂ ಹೌದು ಅನ್ನುತ್ತಿದ್ದರು. ನನಗೆ ಅಮ್ಮನ ಮೇಲೆ ಕೆಟ್ಟ ಸಿಟ್ಟು ಬರುತ್ತಿತ್ತು. ಈಗ ಕೇಳಿದರೆ ನಾನೂ ಅಷ್ಟೇ ಅನ್ನುತ್ತೇನೇನೋ. ಕಡೆಗೆ ಊರಿನ ಹಿರಿಯರು ತೀರ್ಮಾನ ಕೊಟ್ಟರು. ಪಕ್ಷದೊಳಗೆ ಸುದ್ದಿ ಏನಾದರೂ ಸಿಕ್ಕಿದರೆ ಸರಿ. ಇಲ್ಲದಿದ್ದರೆ ಅಂಗಿ ಎಡೆಗೆ, ಅಕ್ಕನ ಕೈಬಳೆ ನೆಲಕ್ಕೆ.

ಅಷ್ಟರಲ್ಲಿ ಮಳವಳ್ಳಿಯಲ್ಲಿ ಒಬ್ಬ ಸಿಪಾಯಿ ಜಪಾನಿನವರ ಸೆರೆಯಿಂದ ಬಂದಿದ್ದಾನೆ ಅಂತ ಸುದ್ದಿ ಬಂತು. ಅಕ್ಕನ ಮೈದುನ ಜೊತೆಗೆ ಬರಲು ಒಪ್ಪಲಿಲ್ಲ. "ನೀನು ಹೋಗೇ ಅವಳ ಜೊತೆ," ಅಂದರು ಅಮ್ಮ. ಬೆಳಿಗ್ಗೆಯ ಬಸ್ಸಿಗೆ ಹೊರಟೆವು. ಆಗ ಪೆಟ್ರೋಲಿಗೆ ಬರ, ಬಸ್ಸಿನ ಹಿಂದೆ ಒಲೆಯ ಹಾಗೆ ಒಂದು ಡಬ್ಬ ಇಟ್ಟು ಇದ್ದಿಲು ಉರಿಸಿ ಓಡಿಸುತ್ತಿದ್ದರು. ಮದ್ದೂರಿನಲ್ಲಿ ಬಸ್ಸು ಬದಲಾಯಿಸಿದೆವು. ಆ ಬಸ್ಸಿನ ಬೆಂಕಿ ಆರಿಹೋಗಿತ್ತು. ಕ್ಲೀನರು ಕೂತು ಊದುತ್ತಲೇ ಇದ್ದ. ಜನವೆಲ್ಲ ಮರದ ನೆರಳಿಗೆ ಹೋದರೆ ಅಕ್ಕ ಬಸ್ಸಿನ ಸುತ್ತ ಸುತ್ತುತ್ತಿದ್ದಳು. "ನಡ್ಕಂಡೇ ಓಗ್ಬುಡನಾ ಅಮ್ಮಣ್ಣಿ?" ಅಂದಳು. ನಾನು ಬೇಡ ಅಂದೆ. ಆಮೇಲೆ ಕ್ಲೀನರನ್ನು ಸರಿಸಿ ತಾನೇ ಊದಲು ಕೂತಳು. ಬೆಂಕಿ ಹತ್ತಿಕೊಂಡಿತು.

ಸಿಪಾಯಿಯ ಮನೆಯ ತುಂಬ ರೇಷ್ಮೆಹುಳುವಿನ ತಟ್ಟೆಗಳು. ಅವನು ಜಗುಲಿಯ ಮೇಲೆ ಕೂತಿದ್ದ. ವಯಸ್ಸು ಎಷ್ಟು ಅಂತ ಹೇಳಲು ಆಗದಷ್ಟು ಸೊರಗಿಹೋಗಿದ್ದ. ಅವನ ಹೆಂಡತಿ ನಮಗೆ ಮಜ್ಜಿಗೆ ಕೊಟ್ಟು, ಅವನ ಮುಂದೆಯೂ ಲೋಟ ಇಟ್ಟು, ಅವನು ಕುಡಿಯುವವರೆಗೂ ಅಲ್ಲೇ ನಿಂತಿದ್ದಳು. ಅಕ್ಕ ಲೋಟ ಮುಟ್ಟಲಿಲ್ಲ. ನಿಂತೇ ಕೇಳಿದಳು.

"ಮಂಡ್ಯದೋನು ಒಬ್ಬ ಇದ್ದ ಕಣಕ್ಕ," ಅಂದ ಅವನು. "ಲಾರಿ ಡ್ರೈವರು. ಮಾತೆತ್ತುದ್ರೆ ಕಬ್ಬಿನ ಲಾರಿ ಕತೆ. ಸುಮ್ನೆ ಆರನ್ ಒಡ್ದಂಗೆ ಬಾಯಲ್ಲಿ ಸದ್ದು ಮಾಡೋನು."

ಅಕ್ಕನ ಕೈ ನನ್ನ ತೋಳನ್ನು ಹಿಡಿಯಿತು. "ಆಮೇಕೆ?"

"ಒಂದಿನ ನಮ್ಮುನ್ನೆಲ್ಲ ಬ್ಯಾರೆಬ್ಯಾರೆ ಮಾಡುದ್ರು." ಹಡಗಿಗೆ ಹತ್ತಿಸುವಾಗ ತನ್ನನ್ನು ದಡದಲ್ಲೇ ಉಳಿಸಿಕೊಂಡರು, ಭಾವನಿದ್ದ ಗುಂಪನ್ನು ಎಲ್ಲಿಗೋ ಕಳುಹಿಸಿದರು ಅಂತ ವಿವರಿಸಿದ. "ಆ ಅಡಗು ಮುಳುಗ್ತು ಅನ್ನೋರೂ ಅವ್ರೆ, ದಡ ಸೇರ್ತು ಅನ್ನೋರೂ ಅವ್ರೆ. ನಾನು ಕಾಣೆ."

"ಅಡಗು ಅತ್ತೋವಾಗ ಏನಂದ?"

ಅವನಿಗೆ ಅರ್ಥವಾಗಲಿಲ್ಲ. "ಏನಂದಾನು?"

"ನಿಂಗೆ ಏನಂತ ಏಳಿ ಓದ? ಗ್ಯಾಪ್ಕ ಮಾಡ್ಕಂಡು ಏಳಪ್ಪ."

ಸಿಪಾಯಿ ಲೋಟ ಕೆಳಗಿಟ್ಟ. "ಇನ್ನೇನಂದಾನವ್ವ... ಬತ್ತೀನಿ ಕಣ್ಲಾ ಅಂದ."

ಅಕ್ಕ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಕೂತು ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಮಜ್ಜಿಗೆಯನ್ನು ಒಂದೇ ಗುಟುಕಿಗೆ ಕುಡಿದಳು. ವಾಪಸು ಬರುವ ದಾರಿಯುದ್ದಕ್ಕೂ ಪಕ್ಕದಲ್ಲಿ ಕೂತವರಿಗೆಲ್ಲ ಹೇಳಿದಳು, ಬತ್ತೀನಿ ಅಂದವ್ನೆ, ಬತ್ತೀನಿ ಅಂದವ್ನೆ. ನನಗೂ ಸಂತೋಷವೇ. ಆದರೆ ನಮ್ಮ ಸೀಮೆಯ ಯಾವ ಗಂಡಸು ತಾನೇ ಬೇರೆ ಮಾತು ಆಡಿ ಹೊರಡುತ್ತಾನೆ? ಕೋರ್ಟಿಗೆ ಹೋಗುವವನೂ ಅದನ್ನೇ ಅನ್ನುತ್ತಾನೆ, ಕೆರೆಯ ಕಡೆಗೆ ಹೋಗುವವನೂ ಅದನ್ನೇ ಅನ್ನುತ್ತಾನೆ.

ಈ ಧಾರಾವಾಹಿಗಳಲ್ಲಿ ಮನೆಯಿಂದ ಹೊರಡುವವರು ಬಾಗಿಲಲ್ಲಿ ತಪ್ಪದೆ ಒಂದು ಮಾತು ಹೇಳುತ್ತಾರೆ. ಕೆಳಗೆ ಇಂಗ್ಲಿಷಿನಲ್ಲಿ ನಾನು ಹೊರಟೆ ಅಂತ ಬರುತ್ತದೆ. ಒಂದು ದಿನ ಮೊಮ್ಮಗಳು, "ಅಜ್ಜಿ, ಅದು ಸರಿಯಿಲ್ಲ. ಅವರು ಅನ್ನೋದು ಹೋಗಿ ಬರ್ತೀನಿ ಅಂತ. ಒಳಗಿರೋರು ಹೋಗಿ ಬಾ ಅಂತಾರೆ," ಅಂದಳು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಂಗ್ಲಿಷು ಬರೆದ ಮಹಾರಾಯನಿಗೆ ಹೋಗುವುದೊಂದೇ ಗೊತ್ತೇನು, ಬರುವುದು ಗೊತ್ತಿಲ್ಲವೇನು ಅಂತ ಕೂಗಾಡಿದೆ. ಮೊಮ್ಮಗಳು ಹೆದರಿ ನನ್ನ ಬೀಪಿ ನೋಡಿದಳು. ಭಾವನನ್ನು ಹಡಗಿಗೆ ಹತ್ತಿಸಿದ ಜಪಾನಿ ಸಿಪಾಯಿಯೂ ಎಂದೋ ತನ್ನ ಮನೆಯ ಬಾಗಿಲಲ್ಲಿ ಹಾಗೆ ಅಂದೇ ಬಂದಿದ್ದನಲ್ಲ... ಅವನ ಮನೆಯಲ್ಲಿಯೂ ಒಬ್ಬಳು ಅದನ್ನೇ ಹಿಡಿದುಕೊಂಡು ಕೂತಿದ್ದಳೋ ಏನೋ.

ಅಕ್ಕನ ಅತ್ತೆ ಸುದ್ದಿ ಕೇಳಿ, "ಎಲ್ಲಾರೂ ಅನ್ನೋದ್ನೇ ಅಂದವ್ನೆ," ಅಂದರು. ಆದರೂ ಆ ವರ್ಷ ಅಂಗಿ ಎಡೆಗೆ ಬರಲಿಲ್ಲ.

ಅದಾದ ಮೇಲಿನ ಒಂದು ವರ್ಷ ಅಕ್ಕನನ್ನು ನೋಡಲು ಆಗುತ್ತಿರಲಿಲ್ಲ. ಲಾರಿಯ ಸದ್ದಾದರೆ ಬೀದಿಗೆ ಓಡುವಳು. ರೈಲಿನ ಹೊತ್ತಿಗೆ ಮಂಡ್ಯದ ಸ್ಟೇಷನ್ನಿಗೆ ಹೋಗಿ ನಿಲ್ಲುವಳು. ಹಾಲು ತಂದವಳು ಪಾತ್ರೆಗೆ ಬಗ್ಗಿಸುವುದನ್ನೇ ಮರೆತು ವಾಪಸು ಒಯ್ಯುವಳು. ಸ್ವಾತಂತ್ರ್ಯ ಬಂತು, ಅಪ್ಪನ ಸ್ಕೂಲಿನಲ್ಲಿ ಮಿಠಾಯಿ ಹಂಚಿದರು, ಇನ್ನೇನು ಎಲ್ಲ ಸಿಪಾಯಿಗಳನ್ನೂ ಮನೆಗೆ ಬಿಡುತ್ತಾರೆ ಅಂತ ಯಾರೋ ಅಂದರು. ಅವಳು ಮತ್ತೆ ಸ್ಟೇಷನ್ನಿಗೆ ಓಡಿದಳು.

ಆ ವರ್ಷದ ಪಕ್ಷದ ದಿನ ಏನೋ ಕೊಡಲು ಅಂತ ನಾನು ಎದುರುಮನೆಗೆ ಹೋದೆ. ನಡುಮನೆಯಲ್ಲಿ ಹಿರಿಯರ ಸೀರೆ ಪಂಚೆಗಳ ಪಕ್ಕದಲ್ಲಿ ಭಾವನ ಖಾಕಿ ಅಂಗಿ ಇತ್ತು. ಒಗೆದು, ನೀಟಾಗಿ ಮಡಿಸಿದ್ದರು. ಮುಂದೆ ಬಾಳೆಲೆ, ಮುದ್ದೆ, ಕೋಳಿ ಸಾರು, ಒಂದು ಕಟ್ಟು ಬೀಡಿ. ನಾನು ಅತ್ತೆಯ ಮುಖ ನೋಡಿದೆ. ಅವರು ಅಳುತ್ತ ತಲೆಯಾಡಿಸಿ ಸೊಸೆಯ ಕಡೆಗೆ ಕೈ ತೋರಿಸಿದರು. ಇಟ್ಟವಳು ಅಕ್ಕನೇ.

"ಬತ್ತೀನಿ ಅಂದವ್ನೆ ಕಣಮ್ಮಣ್ಣಿ, ಸುಳ್ಳಾಡೋನಲ್ಲ," ಅಂದಳು. ಬೀಡಿ ಕಟ್ಟನ್ನು ಎಲೆಯ ಹತ್ತಿರಕ್ಕೆ ಸರಿಸಿದಳು. "ಬದ್ಕಿರೋನ್ಗೆ ಬರಕ್ಕಾಗ್ನಿಲ್ಲ. ಸತ್ತೋರ್ಗಾದ್ರೆ ವರ್ಸಕ್ಕೊಂದ್ ದಪ ಬರಕ್ಕೆ ದಾರಿ ಅದೆ. ಅಂಗಾರ ಬರ್ಲಿ."

ಎಡೆ ಇಟ್ಟ ಮೇಲೆ ಹಿರಿಯರು ಬಂದು ಉಣ್ಣಲಿ ಅಂತ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಹಾಕಿಕೊಳ್ಳುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ ಸದ್ದು ಮಾಡಿ, ತೆಗೆಯುತ್ತಾರೆ. ನಾವೆಲ್ಲ ಜಗುಲಿಯ ಮೇಲೆ ನಿಂತೆವು. ಅಕ್ಕ ಬಾಗಿಲಿಗೆ ಕಿವಿಯಿಟ್ಟು ನಿಂತಳು. ನಿಂತಲ್ಲಿ ನಿಲ್ಲದ ಆ ಹೆಂಗಸು ಅಷ್ಟು ಅಲುಗಾಡದೆ ನಿಂತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಹೊತ್ತಾಯಿತು. ಮಕ್ಕಳು ಹಸಿವು ಅಂತ ಗಲಾಟೆ ಮಾಡಿದವು. ಮೈದುನ ಕೆಮ್ಮಿ ಬಾಗಿಲಿಗೆ ಕೈ ಹಾಕಿದ.

"ಒಸಿ ತಡೀರಿ," ಅಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ. "ಇನ್ನೂ ಉಣ್ತಾವ್ನೆ."

ಯಾರೂ ಬಾಗಿಲು ತೆಗೆಯಲಿಲ್ಲ. ಅವಳಾಗಿಯೇ ತೆಗೆಯುವವರೆಗೆ ನಿಂತೆವು. ಮಾರನೆಯ ದಿನ ಅವಳು ಬಳೆ ತೆಗೆದಳು. ಅದಾದ ಸ್ವಲ್ಪ ದಿನಕ್ಕೆ ಅಪ್ಪನಿಗೆ ವರ್ಗವಾಯಿತು, ನನಗೆ ಮದುವೆಯಾಯಿತು. ಅವಳು ತೀರಿಕೊಂಡ ಸುದ್ದಿ ನನಗೆ ತಿಳಿಯುವ ಹೊತ್ತಿಗೆ ಅದಕ್ಕೆ ವರ್ಷ ಕಳೆದಿತ್ತು.

ಮೊನ್ನೆಯ ಕಂತಿನಲ್ಲಿ ಜಪಾನಿನವರ ಹಿರಿಯರ ಹಬ್ಬ ಬಂತು. ಅವರಲ್ಲಿಯೂ ಸತ್ತವರು ವರ್ಷಕ್ಕೊಂದು ಸಲ ಮನೆಗೆ ಬರುತ್ತಾರಂತೆ. ಆ ಮನೆಯ ಮುದುಕಿ ಒಂದು ಸೌತೆಕಾಯಿಗೆ ನಾಲ್ಕು ಕಡ್ಡಿ ಚುಚ್ಚಿ ಕಾಲು ಮಾಡಿ ನಿಲ್ಲಿಸಿದಳು. ಅದು ಕುದುರೆ. ಒಂದು ಬದನೆಕಾಯಿಗೆ ನಾಲ್ಕು ಕಡ್ಡಿ ಚುಚ್ಚಿದಳು. ಅದು ಹಸು. ಇದೇನು ಮಕ್ಕಳಾಟ ಅಂದೆ. ಮೊಮ್ಮಗಳು ಹೇಳಿದಳು, "ಬರೋವಾಗ ಕುದುರೆ ಮೇಲೆ ಬೇಗ ಬರಲಿ ಅಂತ ಅಜ್ಜಿ. ವಾಪಸು ಹೋಗೋವಾಗ ಹಸು ಮೇಲೆ ಕೂತು ನಿಧಾನವಾಗಿ ಹೋಗಲಿ ಅಂತ."

ಇದನ್ನು ಅಕ್ಕನಿಗೆ ಹೇಳಬೇಕಿತ್ತು. ನನಗೆ ತಡೆಯಲಾಗದೆ ಅಳು ಬಂತು. ಅವಳಿಗೆ ಮಕ್ಕಳಿಲ್ಲ. ಪಕ್ಷದಲ್ಲಿ ಅವಳ ಸೀರೆಯನ್ನು ಯಾರಾದರೂ ಇಡುತ್ತಾರೋ ಇಲ್ಲವೋ, ಕೇಳೋಣವೆಂದರೆ ಆ ಬೀದಿಯಲ್ಲಿ ಈಗ ನನಗೆ ಗುರುತಿನವರು ಒಬ್ಬರೂ ಇಲ್ಲ.